ಉಳಿದ ಸಾಲುಗಳು

"ಅರ್ಧಕ್ಕೇ ನಿಂತುಹೋಗಿದೆ. ಉಳಿದಿದ್ದನ್ನ ನೀವು ಮುಗಿಸಿಕೊಡ್ತೀರಾ?" ಎನ್ನುತ್ತ ಯುವತಿ ಚೀಲದಿಂದ ಒಂದು ಪುಟ್ಟ ಫ್ರಾಕನ್ನು ತೆಗೆದು ಮೇಜಿನ ಮೇಲಿಟ್ಟಳು. ತಿಳಿಹಳದಿ ಬಟ್ಟೆ. ಎದೆಯ ಭಾಗಕ್ಕೆ ಸಣ್ಣ ಸಣ್ಣ ನೆರಿಗೆ ಹಿಡಿದು, ಅದರ ಮೇಲೆ ನೀಲಿ ದಾರದಲ್ಲಿ ಜೇನುಗೂಡಿನಂತೆ ಸ್ಮಾಕಿಂಗ್ ಹಾಕಿತ್ತು. ಏಳು ಸಾಲಿಗೆ ಚುಕ್ಕಿ ಇಟ್ಟಿದ್ದರೂ ಮುಗಿದದ್ದು ಮೂರೇ. ನಾಲ್ಕನೆಯ ಸಾಲಿನ ನಡುವೆ ಸೂಜಿ ಚುಚ್ಚಿದಂತೆಯೇ ಉಳಿದಿತ್ತು.

ಟೈಲರಮ್ಮ ಕನ್ನಡಕ ಏರಿಸಿಕೊಂಡಳು. ಹೆಣ್ಣುಮಕ್ಕಳ ಸ್ಮಾಕಿಂಗ್ ಫ್ರಾಕ್ ಎಂದರೆ ಆ ಊರಿಗೆಲ್ಲ ಅವಳದೇ ಕೈ. ಆದರೆ ಬೇರೆಯವರು ಅರ್ಧ ಮಾಡಿಟ್ಟದ್ದನ್ನು ಅವಳು ಮುಟ್ಟುತ್ತಿರಲಿಲ್ಲ. ಆಗಲ್ಲಮ್ಮ ಎನ್ನಲು ಬಾಯಿ ತೆರೆದವಳು, ಅಭ್ಯಾಸಬಲದಿಂದ ಬಟ್ಟೆಯನ್ನು ಮಗುಚಿ ಹಿಂಬದಿ ನೋಡಿದಳು. ಮತ್ತೆ ಕಣ್ಣಿನ ಹತ್ತಿರಕ್ಕೆ ಹಿಡಿದಳು.

ಗಂಟು ಸಾಲಿನ ತುದಿಯಲ್ಲಿರಲಿಲ್ಲ. ದಾರ ಎರಡು ನೆರಿಗೆ ಹಿಂದಕ್ಕೆ ಬಂದು ಮಡಿಕೆಯೊಳಗೆ ಅಡಗಿ ಕೂತಿತ್ತು. ಮಗುವಿನ ಎಳೆ ಮೈಗೆ ಚುಚ್ಚಬಾರದೆಂದು ಹಾಗೆ ಮಾಡುತ್ತಿದ್ದವರು ಅವಳಿಗೆ ತಿಳಿದಂತೆ ಮೂವರೇ: ಅವಳ ಅಮ್ಮ, ಅವಳು, ಅವಳ ಅಕ್ಕ.

"ಯಾರಮ್ಮ ಇದನ್ನ ಹಾಕಿದ್ದು?"

"ನಮ್ಮಮ್ಮ. ನನ್ನ ಮಗಳಿಗೆ ಅಂತ ಹಾಕ್ತಿದ್ರು. ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಯ್ತು. ಅಪ್ಪಾನೂ ಇಲ್ಲ, ಒಬ್ಬರೇ ಹೇಗಿರ್ತಾರೆ ಅಂತ ನಮ್ಮನೆಗೇ ಕರ್ಕೊಂಡು ಬಂದೆ. ಇದೊಂದು ಮುಗೀಲಿಲ್ಲ ಅಂತ ದಿನಾ ಹಲುಬ್ತಾರೆ."

"ಮಾತು?"

"ಅದಕ್ಕೇನೂ ಕಮ್ಮಿ ಇಲ್ಲ. ಕೈ ಹೋದ್ಮೇಲೆ ಬಾಯಿ ಇನ್ನೂ ಜೋರಾಗಿದೆ," ಎಂದು ಯುವತಿ ನಕ್ಕಳು. ನಗುವಾಗ ಎಡಗೆನ್ನೆಯಲ್ಲಿ ಗುಳಿ ಬಿತ್ತು, ಥೇಟ್ ಅಕ್ಕನದೇ. ಆ ಗುಳಿಯನ್ನು ನೋಡಲಾರದೆ ಟೈಲರಮ್ಮ ದಾರದ ಡಬ್ಬಿಯಲ್ಲಿ ಏನನ್ನೋ ಹುಡುಕತೊಡಗಿದಳು.

ಇಪ್ಪತ್ತೇಳು ವರ್ಷ. ಹಾಸಿಗೆ ಹಿಡಿದ ಅಮ್ಮನನ್ನು ತಂಗಿಯ ಕೈಗೆ ಬಿಟ್ಟು ಅಕ್ಕ ತಾನು ಮೆಚ್ಚಿದವನ ಜೊತೆ ಹೊರಟುಹೋದ ದಿನ, "ಇವತ್ತಿಂದ ನನಗೆ ಅಕ್ಕ ಇಲ್ಲ" ಎಂದು ಬಾಗಿಲು ಹಾಕಿಕೊಂಡವಳು ಇವಳೇ. ಆಮೇಲೆ ಬಂದ ಕಾಗದಗಳನ್ನು ಒಡೆಯದೆ ಹಿಂದಿರುಗಿಸಿದಳು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅಮ್ಮ ತೀರಿಕೊಂಡಾಗ ಸುದ್ದಿಯನ್ನೂ ಕಳಿಸಲಿಲ್ಲ. ಯಾವಾಗ, ಯಾರ ಬಾಯಿಂದ ಅಕ್ಕನಿಗೆ ಅದು ತಿಳಿಯಿತೋ, ಇವತ್ತಿಗೂ ಇವಳಿಗೆ ಗೊತ್ತಿಲ್ಲ. ಕೋಪವೇನೋ ಎಂದೋ ಆರಿಹೋಗಿತ್ತು. ಆದರೆ ಅಮ್ಮನ ಮುಖವನ್ನು ಕೊನೆಯ ಸಲ ನೋಡಗೊಡದ ಮೇಲೆ ಯಾವ ಮುಖ ಹೊತ್ತು ಅಕ್ಕನ ಮನೆ ಹುಡುಕುವುದು?

"ನಾನು ನಿನ್ನ ಚಿಕ್ಕಮ್ಮ ಕಣೇ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೊರಬಿದ್ದದ್ದು ಮಾತ್ರ, "ಮಂಗಳವಾರ ಬಾಮ್ಮ."

ಮೂರು ಮಧ್ಯಾಹ್ನ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಕಿಟಕಿಯ ಬಳಿ ಕೂತಳು. ಅಕ್ಕ ಚುಚ್ಚಿ ಬಿಟ್ಟಿದ್ದ ಸೂಜಿಯಿಂದಲೇ ಮುಂದುವರಿಸಿದಳು. "ನೀಲಿ ಯಾಕೇ ಆರಿಸಿದೆ ಅಕ್ಕ? ಹಳದಿಗೆ ಹಸಿರು ಒಪ್ಪುತ್ತಿತ್ತಲ್ಲ," ಎಂದು ಒಮ್ಮೆ ಗಟ್ಟಿಯಾಗಿಯೇ ಕೇಳಿಬಿಟ್ಟು, ಖಾಲಿ ಕೋಣೆಯಲ್ಲಿ ತನ್ನ ದನಿಗೆ ತಾನೇ ಬೆಚ್ಚಿದಳು. ಪ್ರತಿ ಸಾಲಿನ ಕೊನೆಯಲ್ಲೂ ಎರಡು ನೆರಿಗೆ ಹಿಂದೆ ಹೋಗಿ ಗಂಟನ್ನು ಮಡಿಕೆಯೊಳಗೆ ಸೇರಿಸಿದಳು. ಅಕ್ಕ ಬೆರಳಾಡಿಸಿದರೆ ಸಾಕು, ಯಾರ ಕೈ ಎಂದು ತಿಳಿದುಬಿಡುತ್ತದೆ. ತಿಳಿಯಲಿ ಎಂದೇ ಹಾಕಿದಳು. ತಿಳಿದ ಮೇಲೆ ಏನನ್ನುತ್ತಾಳೋ ಎಂದು ಅಂಜುತ್ತಲೂ ಹಾಕಿದಳು.

ಮಂಗಳವಾರ ಯುವತಿ ಬಂದು ಫ್ರಾಕ್ ಒಯ್ದಳು. ಬುಧವಾರದಿಂದ ಟೈಲರಮ್ಮನಿಗೆ ಬಾಗಿಲ ಕಡೆಯೇ ಕಣ್ಣು. ಹೊಸ್ತಿಲ ಮೇಲೆ ನೆರಳು ಬಿದ್ದಾಗಲೆಲ್ಲ ತಲೆಯೆತ್ತುವಳು. ಒಮ್ಮೆ ಜಿಪ್ ಹಾಕಿಸಲು ಬಂದವಳು, ಒಮ್ಮೆ ವಿಳಾಸ ಕೇಳಲು ನಿಂತವನು. ಗುರುವಾರವೂ ಕಳೆಯಿತು, ಶುಕ್ರವಾರವೂ. ಗುರುತು ಸಿಕ್ಕಿಲ್ಲ ಎಂದುಕೊಂಡಳು. ಸಿಕ್ಕಿದೆ, ಅದಕ್ಕೇ ಈ ಮೌನ ಎಂದೂ ಅಂದುಕೊಂಡಳು. ಎರಡನೆಯದೇ ನಿಜವಿರಬೇಕೆನಿಸಿತು.

ಶನಿವಾರ ಬೆಳಿಗ್ಗೆ ಯುವತಿ ಅದೇ ಚೀಲ ಹಿಡಿದು ಬಂದಳು. ಮುಖದ ತುಂಬ ಸಂಕೋಚ.

"ತಪ್ಪು ತಿಳ್ಕೋಬೇಡಿ ಟೈಲರಮ್ಮ. ನನ್ನ ಕಣ್ಣಿಗೆ ಚೆನ್ನಾಗೇ ಇದೆ. ಅಮ್ಮ ಎಡಗೈಯಲ್ಲಿ ಹಿಂಬದಿ ಸವರಿ ಸವರಿ ನೋಡಿದ್ರು. ಯಾರು ಹಾಕಿದ್ದು, ನೋಡೋಕೆ ಹೇಗಿದಾರೆ ಅಂತ ಕೇಳಿದ್ರು. ಹೇಳ್ದೆ. ಆಮೇಲೆ ಮೂರು ದಿನ ಮಾತೇ ಇಲ್ಲ, ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಇವತ್ತು ಎದ್ದವರೇ ನನ್ನ ಕರೆದು…"

"ಏನಂದ್ರು? ಅವರು ಅಂದ ಹಾಗೇ ಹೇಳು."

ಯುವತಿ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. "'ಐದನೇ ಸಾಲು ಬಿಗಿ ಮಾಡಿದ್ದೀಯ, ಮಗೂಗೆ ಉಸಿರು ಕಟ್ಟುತ್ತೆ. ಬಿಚ್ಚಿ ನೆಟ್ಟಗೆ ಹಾಕು.' ಹೀಗೇ ಹೋಗಿ ಹೇಳು, ಒಂದಕ್ಷರಾನೂ ಬದಲಾಯಿಸಬೇಡ ಅಂದ್ರು. ನಮ್ಮಮ್ಮ ಹೊರಗಿನೋರಿಗೆ ಯಾವತ್ತೂ ಹೀಗೆ ಏಕವಚನದಲ್ಲಿ ಅಂದೋರಲ್ಲ. ಕಾಯಿಲೆ ನೋಡಿ, ಬೇಜಾರು ಮಾಡ್ಕೋಬೇಡಿ."

ಟೈಲರಮ್ಮ ಫ್ರಾಕನ್ನು ಬೆಳಕಿಗೆ ಹಿಡಿದಳು. ಐದನೆಯ ಸಾಲು ಎಲ್ಲಿದೆಯೆಂದು ಎಣಿಸಲು ಹೋದಳು. ಕಣ್ಣು ಮಂಜಾಗಿ ಎರಡು ಸಲ ಲೆಕ್ಕ ತಪ್ಪಿತು.

"ಇರಲಿ ಬಿಡಮ್ಮ," ಎಂದಳು, ಕತ್ತರಿಗಾಗಿ ಮೇಜು ತಡವುತ್ತ. "ನನ್ನನ್ನ 'ನೀನು' ಅನ್ನೋರು ಯಾರೂ ಉಳಿದಿಲ್ಲ ಅಂದ್ಕೊಂಡಿದ್ದೆ."