ಪಾಳುಮನೆಗೆ ಕ್ಯಾಮೆರಾ ಬಂತು

ಕಾಲೇಜಿನ ಪರೀಕ್ಷೆಗೆ ಚಿರಂತ ತೆಗೆಯಬೇಕಿದ್ದದ್ದು ದೆವ್ವದ ಸಿನಿಮಾದ ಮೊದಲ ಎರಡು ನಿಮಿಷ. ಕಿರುಗುಟ್ಟುವ ಬಾಗಿಲು, ಜೇಡರ ಬಲೆ, ಕೂದಲು ಕೆದರಿದ ದೆವ್ವ, ಇಷ್ಟಿದ್ದರೆ ಮೇಷ್ಟ್ರು ಬೆಚ್ಚಿಬೀಳುವುದು ಗ್ಯಾರಂಟಿ. ಊರೆಲ್ಲ ಅಲೆದು ಅಂಥದೊಂದು ಪಾಳುಮನೆ ಹುಡುಕಿ, ಅದರ ಒಡತಿಯನ್ನೂ ಒಪ್ಪಿಸಿದ್ದ. ಸಂಜೆಯೊಳಗೆ ಕ್ಯಾಮೆರಾ ವಾಪಸು ಕೊಡಬೇಕಿತ್ತು.

ಬಂದು ನೋಡಿದರೆ ಹೊಸ್ತಿಲ ಮುಂದೆ ರಂಗೋಲಿ!

"ಅಮ್ಮಾ, ಬಲೆಯೆಲ್ಲ ಎಲ್ಲಿ ಹೋಯ್ತು?"

"ಶೂಟಿಂಗಿನೋರು ಬರ್ತಾರೇಂತ ಗುಡಿಸಿಬಿಟ್ಟೆ ಕಣಪ್ಪ," ಎಂದರು ಮನೆಯೊಡತಿ.

"ಬಾಗಿಲು ಕಿರ್ ಅಂತಾನೇ ಇಲ್ವಲ್ಲ!"

"ಕೊಬ್ಬರಿ ಎಣ್ಣೆ ಬಿಟ್ಟಿದೀನಿ."

ಚಿರಂತನಿಗೆ ಅಳುವೇ ಬಂತು. ಹೋಗಲಿ, ಬೆಳಗ್ಗೆಯೇ ಬಂದು ಕೂದಲು ಕೆದರಿಕೊಂಡು ಒಳಗೆ ಕೂತಿರುವ ದೆವ್ವ, ಗೆಳತಿ ಮೈತ್ರೇಯಿ, ಇದ್ದಾಳಲ್ಲ!

"ದೆವ್ವಾ, ಆಚೆ ಬಾ!" ಎಂದು ಕೂಗಿದ.

"ಒಂದ್ನಿಮಿಷ ತಡಿಯಪ್ಪ," ಎಂದರು ಒಡತಿ. "ಜಡೆ ಹೆಣೆದಾಯ್ತು, ಮಲ್ಲಿಗೆ ಮುಡಿಸೋದೊಂದು ಬಾಕಿ."