ರೈಲಿಲ್ಲದ ಹಾದಿಗೆ ಬಿಳಿ ಗೆರೆ

ನಿಮ್ಮಾಣೆಗೂ ನಡೆದ ಕಥೆ ಇದು. ಒಂದಕ್ಷರ ಸುಳ್ಳಿದ್ದರೆ ನನ್ನ ಮೊಬೈಲು ಬಾವಿಗೆ ಬೀಳಲಿ...

ನಮ್ಮೂರ ಹಳೇ ರೈಲು ಲೈನ್ ಗೊತ್ತಲ್ಲ? ಹಳಿ ಕಿತ್ತು, ಟೈಲ್ಸ್ ಹಾಸಿ, ಈಗ ವಾಕಿಂಗ್ ಪಾತ್ ಮಾಡಿದ್ದಾರೆ.

ಟೈಲ್ಸ್ ಕೊಟ್ಟವರು ಅಂಗಡಿ ಚನ್ನವೀರಪ್ಪ. ವಾಕಿಂಗ್ ಸಂಘದ ಅಧ್ಯಕ್ಷರೂ ಅವರೇ. ಟೈಲ್ಸ್ ಮೇಲೆ ಇರುವೆ ನಡೆದರೂ ಅದರ ಹೆಜ್ಜೆ ಗುರುತು ಕಾಣುವಂಥ ಕಣ್ಣು!

ಒಂದು ವಾರದಿಂದ ಅವರಿಗೆ ಒಂದೇ ಸಂಕಟ... ಬೆಳಗಾದರೆ ಹಾದಿ ತುಂಬ ಅಡ್ಡಡ್ಡ ಬಿಳಿ ಗೆರೆ. ಗೇಟಿನಿಂದ ಹೊಂಗೆ ಮರದವರೆಗೂ! ಅಳಿಸಿದರೆ ಮಾರನೇ ದಿನ ಮತ್ತೆ ಹಾಜರ್.

"ಇವತ್ತು ಹಿಡೀಲಿಲ್ಲ ಅಂದ್ರೆ ನಾನು ಅಧ್ಯಕ್ಷನೇ ಅಲ್ಲ" ಅಂತ ಬಕೆಟ್, ಪೊರಕೆ ಹಿಡಿದು ಬೆಳಕು ಹರಿಯುವಾಗಲೇ ಬಂದರು.

ಸಿಕ್ಕಿದ್ದು ಒಬ್ಬ ಅಜ್ಜಿ, ಸಿದ್ದಗಂಗಮ್ಮ. ಕೋಲಿಟ್ಟು ಅಳೆದು ರಂಗೋಲಿ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದಳು.

"ಏನಜ್ಜಿ, ಇದೇನು ನಿಮ್ಮನೆ ಅಂಗಳಾನಾ?"

"ಅಂಗಳ ಆಗಿದ್ರೆ ಇಷ್ಟು ಸೊಟ್ಟ ಎಳೀತಿದ್ನಾ? ಬೈಯೋದು ಆಮೇಲೆ ಬೈಯಪ್ಪ. ಅಗೋ, ನಮ್ಮನೆಯೋರು ಕಾಯ್ತಾವ್ರೆ."

ಗೇಟಿನ ಹತ್ತಿರ ಅವಳ ಗಂಡ ದೊಡ್ಡೀರಯ್ಯ ನಿಂತಿದ್ದ. ಇದೇ ಲೈನಿನಲ್ಲಿ ಮೂವತ್ತು ವರ್ಷ ಹಳಿ ರಿಪೇರಿ ಮಾಡಿದ ಗ್ಯಾಂಗ್‌ಮನ್. ಈಗ ನಡುಕದ ಕಾಯಿಲೆ.

"ನುಣ್ಣನೆ ನೆಲ ಕಂಡ್ರೆ ಕಾಲೇ ಏಳಲ್ಲ ಕಣಪ್ಪ. ಹಳಿ ಕೆಳಗಿನ ಸ್ಲೀಪರ್ ದಿಮ್ಮಿ ಮೇಲೆ ಹೆಜ್ಜೆ ಇಟ್ಟು ನಡೆದ ಜೀವ. ಅಷ್ಟಷ್ಟೇ ದೂರಕ್ಕೆ ಗೆರೆ ಹಾಕುದ್ರೆ... ನೋಡು ನೀನೇ" ಅಂದಳು ಅಜ್ಜಿ.

ದೊಡ್ಡೀರಯ್ಯ ಗೆರೆ ನೋಡಿದ. ಕಾಲು ನಡುಗಿತು... ಎದ್ದಿತು... ಸರಿಯಾಗಿ ಗೆರೆಯ ಮೇಲೆ ಕೂತಿತು.

ಆಮೇಲೆ ಇನ್ನೊಂದು. ಮತ್ತೊಂದು. ಹಿಂದೆ ಎಂಜಿನ್ ಬರುತ್ತಿದೆಯೇನೋ ಅನ್ನುವ ಹಾಗೆ ನಡೆದುಬಿಟ್ಟ!

ಅಷ್ಟರಲ್ಲಿ ಗೆರೆ ಮುಗಿಯಿತು. ಅಧ್ಯಕ್ಷರು ತಡೆದಿದ್ದರಲ್ಲ, ಅಜ್ಜಿ ಎಳೆದದ್ದು ಅರ್ಧವೇ.

ದೊಡ್ಡೀರಯ್ಯನ ಕಾಲು ಅಂಟಿಕೊಂಡಿತು. ಎಷ್ಟು ಒದ್ದಾಡಿದರೂ ಏಳಲಿಲ್ಲ. ಕಣ್ಣಲ್ಲಿ ನೀರು ತುಂಬಿತು...

ಚನ್ನವೀರಪ್ಪ ಪೊರಕೆ ಬಿಸಾಕಿದರು. ಅಜ್ಜಿಯ ಕೈಯಿಂದ ಪುಡಿ ಇಸಿದುಕೊಂಡು, ಒಗೆದ ಬಿಳಿ ಪ್ಯಾಂಟಿನಲ್ಲೇ ಮಂಡಿಯೂರಿ ಗೆರೆ ಎಳೆದರು. ಅವರ ಕಣ್ಣೂ ಮಂಜಾಗಿತ್ತು.

"ದೂರ ಜಾಸ್ತಿ ಆಯ್ತು ಸ್ವಾಮಿ, ರೈಲು ಮಗುಚ್ಕೊಳ್ತದೆ!" ಅಂದ ದೊಡ್ಡೀರಯ್ಯ.

ಮೂವರೂ ನಕ್ಕರು. ಅವತ್ತು ಹೊಂಗೆ ಮರದವರೆಗೂ ಗೆರೆ ಎಳೆದದ್ದು ಅಧ್ಯಕ್ಷರೇ.

ನಮ್ಮ ಕಣ್ಣಿಗೆ ಕೊಳೆಯಾಗಿ ಕಂಡದ್ದು, ಇನ್ನೊಬ್ಬರ ಕಾಲಿಗೆ ದಾರಿಯಾಗಿರಬಹುದು.

ನೀವು ಇವತ್ತು ಯಾರ ಗೆರೆ ಅಳಿಸಿದಿರಿ... ಯೋಚಿಸಿದಿರಾ?

ಯೋಚಿಸುತ್ತಾ ಕೂರಬೇಡಿ. ಈಗ ಸಂಘದಲ್ಲಿ ದಿನಕ್ಕೊಬ್ಬರ ಸರದಿ. ಕಥೆ ಪೂರ್ತಿ ಓದಿದಿರಲ್ಲ, ನಾಳೆ ನಿಮ್ಮದು. ಪುಡಿ ನೀವೇ ತನ್ನಿ!