ನಲವತ್ತೊಂದನೆಯ ಸರ್ವೀಸು

ಮ್ಯಾನೇಜರು ಎಂಟರ್ ಒತ್ತಿದರು. ಹೊಸ ಸರ್ವೀಸು ಹುಟ್ಟಲಿಲ್ಲ. ಮೀಟಿಂಗ್ ರೂಮಿನ ದೊಡ್ಡ ಪರದೆಯ ಮೇಲೆ ಒಂದು ಪ್ರಶ್ನೆ ಬಂದು ನಿಂತಿತು: ‘ಇದು ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು?’

“ಇದೇನಿದು, ನಿನ್ನೆವರೆಗೂ ಇರ್ಲಿಲ್ವಲ್ಲ?”

ಮ್ಯಾನೇಜರು ಕೇಳಿದ್ದು ಮೇಜಿನ ಆಚೆ ಕೂತಿದ್ದ ಅಕ್ಕನನ್ನು. ಆಫೀಸಿನಲ್ಲಿ ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಕೆಲಸ ತಗುಲಿಹಾಕುವುದಕ್ಕೆ ಅದಕ್ಕಿಂತ ಒಳ್ಳೆಯ ಹೆಸರಿಲ್ಲ.

ಬಸ್ ಟಿಕೆಟ್ ಮಾರುವ ಆ ಕಂಪನಿಯ ಸಾಫ್ಟ್‌ವೇರನ್ನು ಐದು ವರ್ಷದ ಹಿಂದೆ ಕೆಲಸಕ್ಕೊಂದು ಪುಟ್ಟ ಪ್ರೋಗ್ರಾಮಿನಂತೆ ಬಿಡಿಬಿಡಿ ಮೈಕ್ರೋಸರ್ವೀಸುಗಳಾಗಿ ಒಡೆದಾಗ, ಎಲ್ಲಕ್ಕೂ ಒಂದೇ ಅಚ್ಚು ಇರಲೆಂದು ಟೆಂಪ್ಲೇಟು ಮಾಡಿಕೊಟ್ಟವಳು ಅವಳು. ನಕಲು ಮಾಡಿಕೊಂಡು ಹೆಸರಿಟ್ಟರೆ ಎರಡು ನಿಮಿಷಕ್ಕೆ ಹೊಸದೊಂದು ತಯಾರು. ಕೆಟ್ಟಾಗ ಕರೆ ಯಾರಿಗೆ ಹೋಗಬೇಕು ಎಂಬ ಸಾಲಿನಲ್ಲಿ, ಬರೀ ಮಾದರಿಗೆಂದು, ತನ್ನ ಹೆಸರು ನಂಬರು ಹಾಕಿ ‘ನಿಮ್ಮದನ್ನು ಹಾಕಿಕೊಳ್ಳಿ’ ಎಂದು ಬರೆದಿದ್ದಳು. ಯಾರು ಓದಬೇಕು? ನಲವತ್ತು ಸರ್ವೀಸು ಹುಟ್ಟಿದವು; ನಲವತ್ತಕ್ಕೂ ಅವಳೇ ದಿಕ್ಕು. ಬದಲಿಸಿ ಎಂದು ಅಂಗಲಾಚಿದಾಗಲೆಲ್ಲ ಮ್ಯಾನೇಜರು, ಇರಲಿ ಬಿಡಿ, ನಿಮಗಾದರೆ ಎಲ್ಲ ಗೊತ್ತು ಎಂದು ನಕ್ಕು ಸಾಗಹಾಕುತ್ತಿದ್ದರು.

ಮೂರು ವಾರದ ಹಿಂದೆ ತಂಗಿಯ ಹೆರಿಗೆ. ಅಮ್ಮ ಇಲ್ಲದ ಮನೆ. ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ತಂಗಿ ಅವಳ ಕೈಯನ್ನು ಉಗುರು ನಾಟುವಂತೆ ಹಿಡಿದುಕೊಂಡಿದ್ದಳು. ಫೋನು ಬಡಿದುಕೊಂಡಿತು, ಒಂದಲ್ಲ, ಆರು ಸಲ. ಅಕ್ಕ ಕೈ ಬಿಡಿಸಿಕೊಂಡು ಹೊರಗೆ ಹೋದಳು. ಗಿರಾಕಿಗಳಿಗೆ ಹುಟ್ಟುಹಬ್ಬದ ಶುಭಾಶಯ ಕಳಿಸುವ ಸರ್ವೀಸು ನಿಂತುಹೋಗಿತ್ತು. ಅಂಥದ್ದೊಂದು ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಸರಿಮಾಡಿ ಒಳಗೆ ಬರುವಷ್ಟರಲ್ಲಿ ಮಗು ಹುಟ್ಟಿ, ಅತ್ತು, ಬಟ್ಟೆ ಸುತ್ತಿಸಿಕೊಂಡು ಮಲಗಿಯೂ ಆಗಿತ್ತು. ತಂಗಿ ಬೈಯಲಿಲ್ಲ. “ಮುಗೀತಾ ಅಕ್ಕಾ ನಿನ್ನ ಕೆಲಸ?” ಎಂದಷ್ಟೇ ಕೇಳಿದಳು. ಆ ಒಂದು ಮಾತಿಗೆ ಅವಳಿಗೆ ಇಷ್ಟು ದಿನ ಊಟ ಸೇರಿರಲಿಲ್ಲ. ನಿನ್ನೆ ಸಂಜೆ ಟೆಂಪ್ಲೇಟು ತೆರೆದು, ತನ್ನ ಹೆಸರು ಕಿತ್ತುಹಾಕಿ, ಆ ಜಾಗದಲ್ಲಿ ಈ ಪ್ರಶ್ನೆ ಕೂರಿಸಿದಳು.

ಈಗ ಹುಟ್ಟಬೇಕಾಗಿದ್ದುದು ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಚೀಲ ಹುಡುಕಿಕೊಡುವ ಸರ್ವೀಸು. ಮ್ಯಾನೇಜರ ಸ್ವಂತ ತಲೆಯ ಕೂಸು. ಅವರು ಎಂದಿನಂತೆ ಅಕ್ಕನ ಹೆಸರು ಹೊಡೆದರು. ಪರದೆ ಉತ್ತರ ಕೊಟ್ಟಿತು: ‘ಇವರಿಗೆ ಆಗಲೇ ನಲವತ್ತಿವೆ. ಬೇರೆಯವರನ್ನು ನೋಡಿ.’

ಅವರು ಪಕ್ಕಕ್ಕೆ ತಿರುಗಿದರು. ಅದರ ಕೋಡ್ ಬರೆಯಬೇಕಾಗಿದ್ದ ಸೋಡಾಬುಡ್ಡಿ ಹುಡುಗನಿಗೆ ಅದೇ ಗಳಿಗೆಯಲ್ಲಿ ಕನ್ನಡಕ ಒರೆಸುವ ತುರ್ತು ಬಂದಿತ್ತು. ಬರೆದುಕೊಡಲು ತನ್ನದೇನೂ ಅಡ್ಡಿಯಿಲ್ಲ, ಫೋನಿನ ತಂಟೆ ಮಾತ್ರ ಬೇಡ ಎಂದು ಅವನು ಕನ್ನಡಕಕ್ಕೇ ಹೇಳಿದ.

“ಮೊದಲಿದ್ದ ಹಾಗೇ ಮಾಡಿಕೊಡಿ ಅಕ್ಕ.”

“ಆಗಲ್ಲ ಸರ್. ಸೋಮವಾರದಿಂದ ಹಳೇ ನಲವತ್ತೂ ಇದನ್ನೇ ಕೇಳ್ತವೆ.”

“ನಿಮ್ಮ ಜಾಗಕ್ಕೆ ಬೇರೆಯವರನ್ನ ತರೋದು ನನಗೇನೂ ಕಷ್ಟ ಅಲ್ಲ.”

ಈ ಸಂಬಳದ ಮೇಲೆ ನಿಂತ ಮನೆ ಅಕ್ಕನದು. ಆದರೂ ದನಿ ಕೆಳಗಿಳಿಯಲಿಲ್ಲ. “ತನ್ನಿ ಸರ್. ಬಂದವರ ನಂಬರು ಅಲ್ಲಿ ಹಾಕಿ.”

ಬಂದ ಸಿಟ್ಟಿಗೆ ಮ್ಯಾನೇಜರು ತಮ್ಮ ಹೆಸರು, ತಮ್ಮ ನಂಬರನ್ನೇ ಕುಟ್ಟಿ ಎಂಟರ್ ಒತ್ತಿದರು. ಸರ್ವೀಸು ಹುಟ್ಟಿತು. ನಂಬರು ಸರಿಯೋ ಸುಳ್ಳೋ ಎಂದು ನೋಡಲು ಟೆಂಪ್ಲೇಟು ಕೂಡಲೇ ಒಂದು ಕರೆ ಮಾಡುತ್ತದೆ. ಅದೂ ಅಕ್ಕ ನಿನ್ನೆ ಸೇರಿಸಿದ್ದೇ. ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿದರು, ಹುಬ್ಬು ಗಂಟಿಕ್ಕಿದರು, ಐದು ವರ್ಷದ ಅಭ್ಯಾಸದಲ್ಲಿ ಯೋಚಿಸದೆ ಅದನ್ನು ಮೇಜಿನ ಆಚೆಗೆ ಚಾಚಿದರು.

“ಸ್ವಲ್ಪ ನೋಡಿ ಅಕ್ಕ, ಏನದು ಅಂತ.”

ಅಕ್ಕ ಕೈಕಟ್ಟಿ ಕೂತಳು. ಚಾಚಿದ ಕೈಯಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು.